ಮಿಟುಕುವ ದೀಪದ ಮುಂದೆ ಮೂಸಕುಂಞಿ

ಕೆಟ್ಟು ಕೂತ ಯಾವ ಯಂತ್ರದ ಮುಂದೆಯೂ ಮೂಸಕುಂಞಿಯವರು ಮೊದಲು ಮಾಡುವ ಕೆಲಸವೆಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಸೌದಿಯ ದಮ್ಮಾಮಿನ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ದೀಪಗಳನ್ನು ಕಾಯುತ್ತ ಯೌವನ ಸವೆಸಿ ಕೋಡಿಂಬಾಳಕ್ಕೆ ಮರಳಿದ ಈ ಹಿರಿಯರು, ಬಿಳಿ ಲುಂಗಿಯ ಮೇಲೆ ಕಂಪೆನಿಯ ಮಾಸಿದ ನೀಲಿ ಕೋಟು ತೊಟ್ಟು, ನೆಲಕ್ಕೆಲ್ಲಿ ನೋವಾದೀತೋ ಎಂಬಂತೆ ಹೆಜ್ಜೆಯಿಡುತ್ತ ಬಂದು ಊರಿನ ಯಾರದೇ ಮನೆಯ ಮೋಡೆಮ್ಮಿನ ಮುಂದೆ ನಿಂತರೆಂದರೆ, ಮನೆಯವರ ಅವಸರವೆಲ್ಲ ಹೊಸ್ತಿಲಾಚೆಯೇ ಉಳಿಯಬೇಕು. "ಲೋಕದ ದೀಪ ಎಲ್ಲ ಕಾಣ್ತದೆ ಇವರಿಗೆ, ಒಲೆ ಮೇಲೆ ಹಾಲು ಉಕ್ಕುದು ಮಾತ್ರ ಕಾಣುದಿಲ್ಲ" ಎಂದು ಹೆಂಡತಿ ಸಫಿಯಮ್ಮ ನಗುತ್ತಾರೆ. ಮಾತು ಸುಳ್ಳಲ್ಲ.

ಅದೇ ಊರಿನ ಸುಪ್ರಿತಾಳಿಗೆ ಆ ನಿಧಾನ ಮೊದಮೊದಲು ಶಿಕ್ಷೆಯೇ ಆಗಿತ್ತು. ಅವಳ ಮನೆಯಿರುವ ರಬ್ಬರ್ ಗುಡ್ಡದ ಬುಡಕ್ಕೆ ಮೊಬೈಲ್ ರೇಂಜ್ ಇಳಿಯುವುದಿಲ್ಲ. ಹಳೆಯ ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ಟೇ ಗತಿ. ಕಿವಿಗೆ ಹೊಸದಾಗಿ ಕೇಳಿಸುವ ಯಂತ್ರ ಕೂರಿಸಿದ ನಾಲ್ಕು ವರ್ಷದ ಮಗಳು ಧನ್ಯಶ್ರೀಗೆ ಮೈಸೂರಿನ ಟೀಚರೊಬ್ಬರು ವಾರಕ್ಕೊಮ್ಮೆ ಮಾತು ಕಲಿಸುತ್ತಿದ್ದುದು ಅದರ ಮೂಲಕವೇ. ಒಂದು ಪಾಠ ತಪ್ಪಿದರೂ ಮಗು ಕಲಿತದ್ದನ್ನು ಮರೆಯುತ್ತಿತ್ತು. ಮಗು ತಡವರಿಸುವಾಗ ನಡುವೆ ಹೇಳಿಕೊಡಬೇಡಿ ಎಂದು ಟೀಚರ್ ಎಷ್ಟು ಎಚ್ಚರಿಸಿದರೂ ತಾಯಿಯ ನಾಲಗೆ ಕೇಳುತ್ತಿರಲಿಲ್ಲ.

ಕಳೆದ ಮೇ ತಿಂಗಳ ಒಂದು ಸಂಜೆ ಗುಡುಗಿಗೆ ಹೆದರಿ, ಈ ಕಡೆ ಎಲ್ಲರೂ ಮಾಡುವಂತೆ, ಅವಳು ವಯರುಗಳನ್ನು ಕಿತ್ತಿಟ್ಟಳು. ಮರುದಿನ ಸಿಕ್ಕಿಸಿದಾಗ ಪವರ್ ದೀಪವೇನೋ ಉರಿಯಿತು, ಇಂಟರ್ನೆಟ್ ಲೈನು ಸಿಕ್ಕಿತೆಂದು ಹೇಳುವ ಡಿಎಸ್‌ಎಲ್ ದೀಪ ಮಾತ್ರ ಮಿಟುಕುತ್ತಲೇ ಇತ್ತು. ಪಾಠಕ್ಕೆ ಅರ್ಧ ಗಂಟೆಯಿತ್ತು. "ಮೂಸಾಕ, ಒಮ್ಮೆ ಬನ್ನಿ" ಎಂದು ಅದೇ ತಂತಿಯ ಫೋನಿನಲ್ಲಿ ಕರೆದಳು. ಅವರು ಬಂದು ದೀಪ ನೋಡಿದರು, ಫೋನೆತ್ತಿ ಆಲಿಸಿದರು.

"ಫೋನಿಗೆ ಲೈನ್ ಉಂಟು, ಮೋಡೆಮಿಗೆ ಮುಟ್ಟುದಿಲ್ಲ. ವಯರ್ ಅದಲುಬದಲಾಗಿದೆ ಮಗಳೇ."

ಲೈನನ್ನು ಎರಡಾಗಿ ಒಡೆಯುವ ಪುಟ್ಟ ಡಬ್ಬಿಯಲ್ಲಿ ಫೋನಿನ ವಯರು ಮೋಡೆಮ್ಮಿನ ತೂತಿಗೆ, ಮೋಡೆಮ್ಮಿನದು ಫೋನಿನ ತೂತಿಗೆ ಸೇರಿತ್ತು. ಅವಳ ಕೈಯಿಂದಲೇ ಸರಿಮಾಡಿಸಿದರು. ಆದರೂ ದೀಪ ಮಿಟುಕಿತು, ಈಗ ಮೊದಲಿಗಿಂತ ವೇಗವಾಗಿ. ರೋಸಿಹೋಗಿ ಅವಳು ಸ್ವಿಚ್ಚಿಗೆ ಕೈಚಾಚಿದಳು.

"ಆಫ್ ಮಾಡ್ಬೇಡ. ಮೆಲ್ಲ ಮಿಟುಕುದು ಅಂದ್ರೆ ಅದು ಹುಡುಕುದು. ಬೇಗ ಮಿಟುಕಿದ್ರೆ ಆಚೆಯಿಂದ ಉತ್ತರ ಬಂದಿದೆ ಅಂತ. ಈಗ ಆಫ್ ಮಾಡಿದ್ರೆ ಪಾಪ, ಪುನಃ ಮೊದಲಿಂದ ಹುಡುಕ್ಬೇಕು."

ಇಷ್ಟು ದಿನ ಲೈನ್ ಹೋದಾಗಲೆಲ್ಲ ತಾನು ಆಫ್ ಮಾಡುತ್ತಿದ್ದುದು ಅದೇ ಗಳಿಗೆಯಲ್ಲಿ ಎಂಬುದು ಸುಪ್ರಿತಾಳಿಗೆ ಆಗ ತಿಳಿಯಿತು. ದೀಪ ಮಿಟುಕುವುದು ನಿಂತು ಉರಿಯತೊಡಗಿತು, ಅದರ ಪಕ್ಕದ ಇಂಟರ್ನೆಟ್ ದೀಪವೂ ಹಸುರಾಯಿತು. ಚಹಾಕ್ಕೂ ಕಾಯದೆ ಮೂಸಕುಂಞಿ ಹೊರಟುಹೋದರು.

ಪರದೆಯ ಮೇಲೆ ಟೀಚರ್ ದಾಸವಾಳ ತೋರಿಸಿದರು. ಧನ್ಯಶ್ರೀಯ ತುಟಿ ಸದ್ದಿಲ್ಲದೆ ಅದುರಿತು. ಸುಪ್ರಿತಾಳ ಬಾಯಿಗೂ ಆ ಪದ ಬಂದಿತ್ತು. ನುಂಗಿಕೊಂಡಳು. ತುಟಿ ಮತ್ತೆ ಅದುರಿತು, ಮತ್ತೆ. ಆಮೇಲೆ ಯಾರೂ ಹೇಳಿಕೊಡದ ಒಂದು "ಹೂ" ಕೋಣೆಯಲ್ಲಿ ಕೇಳಿಸಿತು.

ಮಾಡಿಕೊಟ್ಟವರ ಉಪಕಾರವನ್ನು ಎಲ್ಲರೂ ನೆನೆಯುತ್ತಾರೆ. ಊರಿಗೊಬ್ಬರಂತೆ ಇನ್ನೊಂದು ಜಾತಿಯ ಪುಣ್ಯವಂತರಿದ್ದಾರೆ. ತಾನಾಗಿಯೇ ಆಗಬೇಕಾದದ್ದು ಆಗುವ ತನಕ ನಮ್ಮನ್ನು ಸುಮ್ಮನಿರಿಸುವವರು. ಅವರ ಋಣ ತಿಳಿಯುವ ಹೊತ್ತಿಗೆ ಅವರು ಅಂಗಳ ದಾಟಿರುತ್ತಾರೆ.