ಇಲ್ಲೆ ಅಂದರೆ ಇಲ್ಲ

ಸಂಖ್ಯಾಶಾಸ್ತ್ರದ ಕೈಸ್ಕ್ವೇರ್ ಪರೀಕ್ಷೆಯ ಹೆಸರು ಕೇಳಿದಾಗ ಮಂಕಿಯ ನಾಗಮ್ಮ ಅದು ಕೈ ನೋಡಿ ಭವಿಷ್ಯ ಹೇಳುವ ವಿದ್ಯೆ ಎಂದುಕೊಂಡಿದ್ದಳು. ಮೊಮ್ಮಗಳು ಕವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ನೋಡಿದರೆ ಮುದುಕಿಯ ಮಾತೇ ಸರಿ ಅನ್ನಬೇಕು. ಮುಂದೆ ಕೈ ಕೊಡುವವರು ಯಾರೆಂದು ಆ ವಿದ್ಯೆಯೇ ತೋರಿಸಿಕೊಟ್ಟಿತಲ್ಲ!

ಕವಿತಾ ಕುಮಟೆಯ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು. ಸಂಖ್ಯಾಶಾಸ್ತ್ರ ಕಲಿಸುವ ವಿಶ್ವನಾಥ ಸರ್ ಗದಗದ ಕಡೆಯವರು, ಈ ಕಡೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಪ್ರಾಜೆಕ್ಟಿಗೆ ವಿಷಯ ಕೊಟ್ಟವರು ಅವರೇ. ಜನಪದ ಹಾಡು ಬಾಯಿಪಾಠ ಇರುವ ಹೆಂಗಸು ಮನೆಯಲ್ಲಿರುವುದಕ್ಕೂ ಆ ಮನೆಯ ಹುಡುಗಿ ಕಾಲೇಜು ಮೆಟ್ಟಿಲು ಹತ್ತುವುದಕ್ಕೂ ಸಂಬಂಧ ಇದೆಯೋ ಇಲ್ಲವೋ ನೋಡಬೇಕು. "ಮಂದಿ ಹೆಂಗ ಹೇಳ್ತಾರ ಹಂಗ ಬರಕೋ ತಂಗಿ, ನಿನ್ನ ಮಾತು ಸೇರಸಬ್ಯಾಡ" ಎಂದಿದ್ದರು. ಲೇಖನ ಹೊರಬಂದಾಗ ಅವಳ ಹೆಸರೇ ಮೊದಲು ಎಂದು ಮಾತನ್ನೂ ಕೊಟ್ಟಿದ್ದರು. ಆ ಮಾತನ್ನು ಕವಿತಾ ಮನೆಗೆ ಬಂದು ಅಜ್ಜಿಗೆ ಮೂರು ಸಲ ಹೇಳಿದ್ದಳು.

ಮಂಕಿಯಲ್ಲಿ ಹಾಡಿರುವ ಐವತ್ತು ಮನೆ, ತೋಟದ ಊರಾದ ಕತಗಾಲದಲ್ಲಿ ಹಾಡಿಲ್ಲದ ಐವತ್ತು ಮನೆ. ಮಂಕಿಯ ಐವತ್ತಕ್ಕೂ ನಾಗಮ್ಮ ಜೊತೆಗೆ ನಡೆದಳು. ಬಾಯಿ ಬಿಡದ ಹೆಂಗಸರ ಮುಂದೆ ತಾನೇ ಒಂದು ನುಡಿ ಹಾಡಿ ಬಾಯಿ ಬಿಡಿಸಿದಳು. ಅವಳು ಕೇಳಿಕೊಂಡದ್ದು ಒಂದೇ, ಹಾಡಿನ ದೆಸೆಯಿಂದ ಹುಡುಗಿಯರು ಹಾಳಾದರು ಅಂತ ಮಾತ್ರ ಬರೆಯಬೇಡ ಎಂದು. ಬರೆಯುವುದು ತಾನಲ್ಲ, ಲೆಕ್ಕ ಎಂದು ಕವಿತಾ ಹೇಳಿದ್ದಳು.

ಲೆಕ್ಕ ಕೈ ಬಿಡಲಿಲ್ಲ. ಹಾಡಿರುವ ಐವತ್ತು ಮನೆಗಳಲ್ಲಿ ಇಪ್ಪತ್ತಾರು ಹುಡುಗಿಯರು ಕಾಲೇಜಿನಲ್ಲಿದ್ದರು, ಹಾಡಿಲ್ಲದ ಐವತ್ತರಲ್ಲಿ ಇಪ್ಪತ್ತೆಂಟು. ಸಂಬಂಧವೇ ಇಲ್ಲದಿದ್ದರೆ ಎರಡೂ ಕಡೆ ಇಪ್ಪತ್ತೇಳು ಇರಬೇಕಿತ್ತು. ಇದ್ದದ್ದಕ್ಕೂ ಇರಬೇಕಾದದ್ದಕ್ಕೂ ಇರುವ ವ್ಯತ್ಯಾಸದ ವರ್ಗ ತೆಗೆದು, ಭಾಗಿಸಿ, ಎಲ್ಲ ಕೂಡಿಸಿದಾಗ ಸಿಕ್ಕಿದ್ದು 0.16. ಸಂಬಂಧ ಇದೆ ಅನ್ನಲು 3.84 ದಾಟಬೇಕು. ಹಾಡು ಯಾರ ಕಾಲಿಗೂ ತೊಡಕಾಗಿಲ್ಲ ಎಂದು ಹೇಳಿದ ದಿನ ಮುದುಕಿ ಯಾರೂ ಕೇಳದೆಯೇ ಎರಡು ಹಾಡು ಹೇಳಿದಳು.

ಪಟ್ಟಿಯನ್ನು ಸರ್ ಇಸಿದುಕೊಂಡರು. ಎರಡು ತಿಂಗಳು ಸುದ್ದಿಯಿಲ್ಲ. ಆಮೇಲೆ ಹೊನ್ನಾವರದಲ್ಲಿ ವಿಚಾರ ಸಂಕಿರಣ, ಅಜ್ಜಿಯನ್ನೇ ಕರೆದುಕೊಂಡು ಬಾ, ಮೊದಲ ಹಾಡು ಅವರದೇ ಆಗಲಿ ಎಂದರು. ನಾಗಮ್ಮ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಟ್ಟು ಹೊರಟಳು, ವೇದಿಕೆಯಲ್ಲಿ ಹಾಡಿದಳು, ಚಪ್ಪಾಳೆ ಗಿಟ್ಟಿಸಿ ಮೊದಲ ಸಾಲಿನಲ್ಲಿ ಕುಳಿತಳು.

ಪರದೆ ಬೆಳಗಿತು. ಹೆಸರು ಒಂದೇ, ವಿಶ್ವನಾಥ ಸರ್ ಅವರದು. ಕವಿತಾ ಕೆಳಗೆ ನೋಡಿದಳು, ಬದಿಗೆ ನೋಡಿದಳು, ಕೃತಜ್ಞತೆಯ ಸಾಲಿನಲ್ಲೂ ಹುಡುಕಿದಳು. ಕಾಲೇಜಿನ ಜವಾನನಿಗೂ ಅಲ್ಲಿ ಜಾಗವಿತ್ತು, ಅವಳಿಗಿರಲಿಲ್ಲ. ಮುಂದಿನ ಚಿತ್ರ ಬಂದಾಗ ಅದೂ ಮರೆತುಹೋಯಿತು. ಹಾಡಿಲ್ಲದ ಮನೆಗಳ ಸಾಲಿನಲ್ಲಿ ಇಪ್ಪತ್ತೆಂಟರ ಬದಲು ನಲವತ್ಮೂರು! ಉತ್ತರ 13.51. ಹಾಡಿನ ಮನೆಗಳು ಹೆಣ್ಣುಮಕ್ಕಳನ್ನು ಹಿಂದಕ್ಕೆ ಎಳೆಯುತ್ತಿವೆ ಎಂದು ಸರ್ ದನಿ ಏರಿಸಿ ಹೇಳಿದರು.

ಹದಿನೈದು ಹೆಚ್ಚು. ಎಲ್ಲಿಂದ ಬಂತು? ಕತಗಾಲದ ಹದಿನೈದು ಮನೆಗಳು ಕಣ್ಣ ಮುಂದೆ ಬಂದವು. ಹುಡುಗಿ ಕಾಲೇಜಿಗೆ ಹೋಗುತ್ತಾಳಾ ಎಂದು ಕೇಳಿದಾಗ ಅವರು ಹೇಳಿದ್ದು "ಇಲ್ಲೆ". ಆ ಮನೆಗಳ ಮಾತಿನಲ್ಲಿ ಹಾಗೆಂದರೆ ಇಲ್ಲ. ಹೇಳಿದ ಹಾಗೇ ಬರಿ ಅಂದಿದ್ದರಲ್ಲ, ಬರೆದಿದ್ದಳು. ಸರ್ ಅದನ್ನು 'ಇಲ್ಲೇ, ಇಲ್ಲೇ ಹತ್ತಿರದ ಕಾಲೇಜಿಗೆ' ಎಂದು ಓದಿಕೊಂಡು ಹದಿನೈದು ಹುಡುಗಿಯರನ್ನು ಕಾಲೇಜಿಗೆ ಸೇರಿಸಿಬಿಟ್ಟಿದ್ದರು. ಅವಳನ್ನು ಒಂದು ಮಾತು ಕೇಳಬಹುದಿತ್ತು. ಪಟ್ಟಿಯ ಹಿಂದೆಯೇ ಅವಳ ಲೆಕ್ಕವೂ ಇತ್ತು. ಆದರೆ 0.16 ಹಿಡಿದುಕೊಂಡು ಹೋದರೆ ಯಾವ ಸಂಕಿರಣದವರು ಕರೆಯುತ್ತಾರೆ?

"ಎಂತ ಹೇಳ್ತ ಮಗಾ ಅವ?" ನಾಗಮ್ಮ ಕೇಳಿದಳು. ಅವಳಿಗೆ ಕಿವಿ ಸ್ವಲ್ಪ ಮಂದ.

ಕವಿತಾಳ ಪ್ರಾಜೆಕ್ಟಿನ ಅಂಕ ಸರ್ ಕೈಯಲ್ಲಿತ್ತು. ಆದರೆ ಬಿಸಿಲಲ್ಲಿ ಐವತ್ತು ಮನೆ ನಡೆದ ಅಜ್ಜಿಯ ಕಾಲು ಅಲ್ಲೇ ಪಕ್ಕದಲ್ಲಿತ್ತು. ಎದ್ದು ನಿಂತಳು.

"ಸರ್, ಕತಗಾಲದಲ್ಲಿ ಇಲ್ಲೆ ಅಂದ್ರೆ ಇಲ್ಲ."

ತೋಟದ ಊರುಗಳಿಂದ ಬಂದವರು ಗೊಳ್ಳೆಂದು ನಕ್ಕರು. ಅಧ್ಯಕ್ಷತೆ ವಹಿಸಿದ್ದವರೂ ಹೌದೆಂದು ತಲೆಯಾಡಿಸಿದರು. ವಿಶ್ವನಾಥ ಸರ್ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಪರದೆ ನೋಡಿದರು, ಅವಳನ್ನು ಮಾತ್ರ ನೋಡಲಿಲ್ಲ. ಮೈಕನ್ನು ಬಾಯಿಯ ಹತ್ತಿರ ತಂದುಕೊಂಡರು.

"ಈ ಮಾಹಿತಿ ಸಂಗ್ರಹಿಸಿದವಳು ನಮ್ಮ ವಿದ್ಯಾರ್ಥಿನಿ ಕವಿತಾ ಗೌಡ. ಬರೆದುಕೊಳ್ಳುವಾಗ ಅವಳಿಂದ ತಪ್ಪಾಗಿದೆ. ಕ್ಷಮೆ ಇರಲಿ."

ಹಾಗೆ ಅವಳ ಹೆಸರು ಬಂತು. ಬೇರೆ ಯಾವುದಕ್ಕೂ ಬಾರದ್ದು ಇದಕ್ಕೆ ಬಂತು. ಕವಿತಾ ನಿಂತಲ್ಲೇ ನಿಂತಿದ್ದಳು.

ನಾಗಮ್ಮ ಅವಳ ಕೈ ಹಿಡಿದು ಜಗ್ಗಿದಳು. ಮೈಕಿನಲ್ಲಿ ದೊಡ್ಡದಾಗಿ ಬಂದ ಹೆಸರೊಂದೇ ಅವಳ ಕಿವಿಗೆ ಬಿದ್ದಿತ್ತು. ಮುಖ ಅರಳಿತ್ತು.

"ನಿನ್ ಹೆಸ್ರು ಹೇಳ್ದ ಅಲ್ಲ? ಹೇಳ್ತೆ ಅಂದಿದ್ದ, ಹೇಳ್ದ ನೋಡು."

"ಹೇಳ್ದ ಅಜ್ಜಿ," ಎಂದಳು ಕವಿತಾ. "ಆತು, ಏಳು. ಹೋಗ್ವ."