ಅರ್ಧ ಸಂಬಳ

ಸಾಲಿನಲ್ಲಿ ನಿಂತಿದ್ದದ್ದು ಅತ್ತೆಯೇ. ಮೇಲಿನ ಮಹಡಿಯ ಕಿಟಕಿಯಿಂದ ಸೊಸೆಗೆ ಮೊದಲು ಕಂಡದ್ದು ಬೂದು ಬಣ್ಣದ ಕೈಚೀಲ, ಆಮೇಲೆ ಅದನ್ನು ಎರಡೂ ಕೈಯಿಂದ ಎದೆಗವಚಿಕೊಂಡ ಹೆಂಗಸು. ಬ್ಯಾಂಕಿನ ಬಾಗಿಲಿನಿಂದ ಹೊರಟ ಸಾಲು ಔಷಧಿ ಅಂಗಡಿ ದಾಟಿ, ಮೂಲೆ ತಿರುಗಿ, ಕಣ್ಣಿಗೆ ಕಾಣದ ಕಡೆಗೆ ಹೋಗಿತ್ತು. ಅತ್ತೆ ಬಾಗಿಲಿಗೆ ಹತ್ತಿರವೇ ಇದ್ದರು, ಎಂದರೆ ಬಹಳ ಬೇಗ ಬಂದಿರಬೇಕು. ಬೆಳಿಗ್ಗೆ ತಿಂಡಿ ತಿನ್ನುವಾಗ ಒಂದು ಮಾತೂ ಆಡಿರಲಿಲ್ಲ ಮಹಾತಾಯಿ!

ಈ ಸಾಲಿಗೆ ಕಾರಣ ಬೇರೆ ಯಾರೂ ಅಲ್ಲ, ಸೊಸೆಯೇ. ಬ್ಯಾಂಕು ಹುಟ್ಟಿ ಮೂರು ವರ್ಷ. ಕೆಳಗೆ ಒಂದು ಶಾಖೆ, ಮೇಲೆ ಕಚೇರಿ, ಉಳಿದದ್ದೆಲ್ಲ ಜನರ ಮೊಬೈಲಿನಲ್ಲಿ. ಬ್ಯಾಂಕಿನ ಪರವಾಗಿ ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವುದು ಇವಳ ಕೆಲಸ. ಬ್ಯಾಂಕು ಕಟ್ಟಿದವನಿಗೆ ಇನ್ನೂ ನಲವತ್ತಾಗಿರಲಿಲ್ಲ. ಹಿಂದಿನಿಂದ ಎಲ್ಲರೂ ಅವನನ್ನು ಮರಿಧಣಿ ಎನ್ನುತ್ತಿದ್ದರು. ಹೋದ ತಿಂಗಳು ಯಾರೋ ಅವನ ಸಂಬಳ ಎಷ್ಟೆಂದು ಜಾಲತಾಣದಲ್ಲಿ ಹಾಕಿದ್ದಕ್ಕೆ ಜನ ಅವನನ್ನು ಉಗಿದು ಉಪ್ಪಿನಕಾಯಿ ಹಾಕಿದ್ದರು. ಮರಿಧಣಿ ಊಟ ಬಿಟ್ಟು ಕೂತಿದ್ದ. "ಅರ್ಧ ಸಂಬಳ ಸಾಕು ಅಂತ ನೀವೇ ಹೇಳ್ಬಿಡಿ ಸರ್, ಎಲ್ಲರ ಬಾಯಿ ಮುಚ್ಚುತ್ತೆ" ಎಂದವಳು ಇವಳು.

ನಿನ್ನೆ ಸಂಜೆ ಅವನು ಹಾಗೆಯೇ ಹೇಳುವ ವಿಡಿಯೋ ಹಾಕಿದರು. ಟೈ ಇಲ್ಲದ ಅಂಗಿ, ಸಾದಾ ನಗು. ಮೊದಲು ಒಂದಷ್ಟು ಮೆಚ್ಚುಗೆ ಬಂತು. ಆಮೇಲೆ ಒಬ್ಬ ಪುಣ್ಯಾತ್ಮ ಕೆಳಗೆ ಬರೆದ: "ಯಾಕೆ, ಸಂಬಳ ಕೊಡೋಕೂ ದುಡ್ಡಿಲ್ವಾ?" ಪಕ್ಕದಲ್ಲಿ ನಗುವ ಮುಖವನ್ನೂ ಅಂಟಿಸಿದ್ದ. ಹಂಚುತ್ತ ಹಂಚುತ್ತ ನಗು ಎಲ್ಲೋ ಉದುರಿಹೋಯಿತು. ಬೆಳಗಾಗುವಷ್ಟರಲ್ಲಿ ಅದು ಕುಹಕವಾಗಿ ಉಳಿದಿರಲಿಲ್ಲ, ಸುದ್ದಿಯಾಗಿತ್ತು. ಎಲ್ಲರೂ ಒಟ್ಟಿಗೆ ಮುಗಿಬಿದ್ದದ್ದಕ್ಕೆ ಬ್ಯಾಂಕಿನ ಆ್ಯಪ್ ಕೈಕೊಟ್ಟಿತು. ಜನ ಚೆಕ್ ಪುಸ್ತಕ ಹುಡುಕಿಕೊಂಡು ಬೀದಿಗೆ ಬಂದರು.

"ಅದು ನಿಮ್ಮ ಅತ್ತೆ ಅಲ್ವಾ?" ಮರಿಧಣಿ ಬಂದು ಕಿಟಕಿಯ ಹತ್ತಿರ ನಿಂತಿದ್ದ. ಶಾಖೆ ತೆರೆದ ದಿನ ಬಂದ ಮೊದಲ ಗ್ರಾಹಕರಲ್ಲಿ ಅತ್ತೆಯೂ ಒಬ್ಬರು.

"ಹೌದು ಸರ್."

ಅವನ ಮುಖದಲ್ಲಿ ಜೀವ ಬಂತು. "ಒಳ್ಳೇದೇ ಆಯ್ತು. ಹೋಗಿ ಒಂದು ವಿಡಿಯೋ ಮಾಡಿ. 'ನನ್ನ ದುಡ್ಡು ಇಲ್ಲೇ ಇರ್ಲಿ' ಅಂತ ಅವ್ರು ಹೇಳಿ, ಸಾಲು ಬಿಟ್ಟು ಮನೆಗೆ ಹೋಗ್ಲಿ. ನಾವು ಹೇಳಿದ್ರೆ ಯಾರೂ ನಂಬಲ್ಲ, ಸಾಲಲ್ಲಿ ನಿಂತವ್ರೇ ಹೇಳಿದ್ರೆ ನಂಬ್ತಾರೆ."

"ಎಲ್ಲರಿಗೂ ಕೊಡೋ ಅಷ್ಟು ಇದೆಯಾ ಸರ್?"

ಕೆಟ್ಟವನಲ್ಲ ಅವನು, ಸುಳ್ಳು ಹೇಳಲಿಲ್ಲ. "ಎಲ್ಲರೂ ಕೇಳದಿದ್ರೆ ಎಲ್ಲರಿಗೂ ಇದೆ" ಎಂದ. "ಯಾವ ಬ್ಯಾಂಕಾದ್ರೂ ಅಷ್ಟೇ. ದುಡ್ಡು ಸಾಲವಾಗಿ ಹೊರಗೆ ಓಡಾಡ್ತಿರುತ್ತೆ, ಪೆಟ್ಟಿಗೇಲಿ ಕೂತಿರಲ್ಲ."

ಅವಳು ಮೆಟ್ಟಿಲಿಳಿದಳು. ಅತ್ತೆ ಬಾಡಿಗೆ ಕೋಣೆಯೊಂದರಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಬದುಕು ಕಟ್ಟಿದವರು. ಆ ಕೋಣೆಯನ್ನು ಮಾರಲು ಮಾಲೀಕ ಕೊನೆಗೂ ಒಪ್ಪಿದ್ದ. ಮುಂದಿನ ವಾರ ಹಣ ಕಟ್ಟಬೇಕಿತ್ತು. ಹೊಲಿದು ಉಳಿಸಿದ್ದೆಲ್ಲವನ್ನೂ ಸೊಸೆಯ ಮಾತು ಕೇಳಿ ಇಲ್ಲಿಯೇ ಇಟ್ಟಿದ್ದರು. ಮಗ ಬೇಡವೆಂದಾಗ, "ನಮ್ಮ ಹುಡುಗಿ ಕೆಲಸ ಮಾಡೋ ಜಾಗ ಕಣೋ" ಎಂದು ಅವನ ಬಾಯಿ ಮುಚ್ಚಿಸಿದ್ದರು.

"ಹೇಳ್ದೇ ಬಂದ್ಬಿಟ್ರಲ್ಲ ಅತ್ತೆ?"

"ಹೇಳಿದ್ರೆ ನಿಂಗೆ ಇಕ್ಕಟ್ಟು. ಹೂಂ ಅನ್ನೋ ಹಾಗಿಲ್ಲ, ಉಹೂಂ ಅನ್ನೋ ಹಾಗಿಲ್ಲ. ಅದಕ್ಕೆ ಸುಮ್ನೆ ಬಂದೆ."

"ನಿಮಗೆ ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳು. ಬಟ್ಟೆ ಅಂಗಡಿಯವಳು ಕಳಿಸಿದ್ಲು, ಗುಂಡಿ ಮಾರೋನು ಕಳಿಸಿದ. ನನ್ನ ತಂಗಿ ನಾಲ್ಕು ಸಲ ಕಳಿಸಿದ್ಲು. ಅವಳಿಗೆ ಯಾವ ಬ್ಯಾಂಕಲ್ಲೂ ಖಾತೇನೇ ಇಲ್ಲ!"

ಹಿಂದೆ ಮುಂದೆ ನಿಂತವರು ನಕ್ಕರು. ಆ ನಗುವಿನಲ್ಲೇ ಸೊಸೆ ಮೊಬೈಲ್ ತೆಗೆದು, ಮರಿಧಣಿ ಕೇಳಿದ್ದನ್ನು ಮೆಲ್ಲಗೆ ಹೇಳಿದಳು. ಅತ್ತೆ ಹಣೆಯ ಕೂದಲು ಹಿಂದೆ ಸರಿಸಿ ಮೊಬೈಲಿನ ಕಡೆ ನೋಡಿದರು.

"ನಿನ್ನ ಕೆಲಸಕ್ಕೆ ಒಳ್ಳೇದಾಗುತ್ತೆ ಅಂದ್ರೆ ಹೇಳ್ತೀನಿ ಬಿಡು, ಏನಂತೆ. ಆದ್ರೆ ಹೇಳಿ ಆದ್ಮೇಲೆ ಮನೆಗೆ ಹೋಗ್ಲಾ, ಇಲ್ಲೇ ನಿಲ್ಲಲಾ? ಬ್ಯಾಂಕಿನವಳಾಗಿ ಹೇಳ್ಬೇಡ ಮತ್ತೆ. ಮನೆಯವಳಾಗಿ ಹೇಳು."

ಪರದೆಯ ಮೇಲೆ ಅತ್ತೆಯ ಮುಖ ತುಂಬಿಕೊಂಡಿತ್ತು. ಹೇಳು ಎಂದರೆ ಹೇಳಿ, ಹೋಗು ಎಂದರೆ ಹೋಗುವ ಮುಖ. ಸೊಸೆಗೆ ನಾಚಿಕೆಯಾಯಿತು, ಅಳುವೂ ಬಂತು. ಮೊಬೈಲನ್ನು ಜೇಬಿಗೆ ಹಾಕಿಕೊಂಡಳು.

"ಇಲ್ಲೇ ನಿಂತಿರಿ ಅತ್ತೆ. ಸಾಲು ಬಿಡ್ಬೇಡಿ."

ಪಿಸುಮಾತೇ ಆದರೂ ಸಾಲಿನಲ್ಲಿ ನಿಂತವರಿಗೆ ಮೈಯೆಲ್ಲ ಕಿವಿ. ಹಿಂದಿದ್ದ ಕನ್ನಡಕದವನು ಅವಳ ಕೊರಳಿನಲ್ಲಿದ್ದ ಬ್ಯಾಂಕಿನ ಗುರುತಿನ ಚೀಟಿಯನ್ನು ಓದಿದ, ಆಮೇಲೆ ತನ್ನ ಮೊಬೈಲಿನ ಮೇಲೆ ಬಗ್ಗಿ ಬೆರಳಾಡಿಸತೊಡಗಿದ. ಅವನು ಏನು ಬರೆಯುತ್ತಿದ್ದಾನೆಂದು ಇಣುಕಿ ನೋಡುವ ಅಗತ್ಯವೇ ಇರಲಿಲ್ಲ. ಅದು ಅವಳದೇ ಕಸುಬು.

ಅವಳು ಮೇಲಕ್ಕೆ ಹೋಗಲಿಲ್ಲ, ಅತ್ತೆ ಒಳಗೆ ಹೋಗಿ ಹೊರಗೆ ಬರುವವರೆಗೆ ಬಾಗಿಲಿನ ಪಕ್ಕದಲ್ಲೇ ನಿಂತಳು. ಮೇಲಿನಿಂದ ಎರಡು ಸಲ ಕರೆ ಬಂತು, ಎತ್ತಲಿಲ್ಲ. ಅತ್ತೆ ಹೊರಬಂದಾಗ ಚೀಲ ಉಬ್ಬಿತ್ತು. ಸೊಸೆಗೆ ಹೋದ ಉಸಿರು ಬಂದಂತಾಯಿತು.

"ನಿಂದು?" ಎಂದರು ಅತ್ತೆ.

"ನಂದು ಏನು?"

"ನಿನ್ನ ಸಂಬಳ ಎಲ್ಲಿ ಬೀಳುತ್ತೆ?"

ಇಲ್ಲೇ ಬೀಳುತ್ತಿತ್ತು, ಮೂರು ವರ್ಷದಿಂದ. ಬೆಳಗಿನಿಂದ ಅವಳಿಗೆ ಅದರ ನೆನಪೇ ಆಗಿರಲಿಲ್ಲ.

"ನಾನು ತೆಗೆದ್ರೆ ಕೌಂಟರಿನವ್ರಿಗೆ ಗೊತ್ತಾಗುತ್ತೆ ಅತ್ತೆ. ಕೆಲಸ ಹೋಗುತ್ತೆ."

"ಬ್ಯಾಂಕೇ ಹೋದ್ರೆ ಕೆಲಸ ಇರುತ್ತಾ? ಚೆಕ್ ಬರೆದುಕೊಡು. ಇದನ್ನ ಎದುರಿನ ಹಳೇ ಬ್ಯಾಂಕಿಗೆ ಕಟ್ಟಿ ಬಂದು ನಾನೇ ನಿಲ್ತೀನಿ. ದಿನವಿಡೀ ನಿಂತು ಬಟ್ಟೆ ಕತ್ತರಿಸಿ ಅಭ್ಯಾಸ ಇದೆ ನಂಗೆ."

ಅವಳು ಮೇಲೆ ಹೋಗಿ ಚೆಕ್ ಪುಸ್ತಕ ತಂದಳು. ಔಷಧಿ ಅಂಗಡಿಯ ಗೋಡೆಗೆ ಒತ್ತಿ ಹಿಡಿದು ಬರೆದಳು. ರುಜು ಹಾಕಿದಳು. ಅತ್ತೆ ಶಾಯಿ ಒಣಗಲೆಂದು ಊದಿ, ಮಡಚದೆ ಇಟ್ಟುಕೊಂಡರು.

"ವಿಡಿಯೋ ಎಲ್ಲಿ?" ಅವಳು ಮೇಲೆ ಬಂದೊಡನೆ ಕೇಳಿದ ಮರಿಧಣಿ.

"ಅತ್ತೆ ಒಪ್ಪಲಿಲ್ಲ ಸರ್."

"ಹೋಗ್ಲಿ ಬಿಡಿ. ನೀವೇ ಏನಾದ್ರೂ ಬರೀರಿ, ಬೇಗ."

ಅವಳು ಕೂತು ಬರೆದಳು: ನಿಮ್ಮ ಹಣ ಸುರಕ್ಷಿತವಾಗಿದೆ. ಯಾರೂ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ. ಒಮ್ಮೆ ಓದಿದಳು, ಕಾಗುಣಿತ ನೋಡಿದಳು, ಹಾಕಿದಳು.

ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋದಳು. ಅತ್ತೆ ಕಾಣಲಿಲ್ಲ. ಕೆಳಗೆ ಬಾಗಿಲು ತೆರೆದುಕೊಂಡಿತು, ಇಬ್ಬರು ಒಳಗೆ ಹೋದರು, ಸಾಲು ಒಂದಿಷ್ಟು ಮುಂದೆ ಸರಿಯಿತು. ಮೂಲೆಯ ಆಚೆ ಅತ್ತೆಯೂ ಒಂದೆರಡು ಹೆಜ್ಜೆ ಮುಂದೆ ಬಂದಿರಬೇಕು.