ಮುಜಂಟಿ ಕೂತ ಬಾಗಿಲು

ಅಳಿಯ ಉಳಿಯನ್ನು ಬಾಗಿಲ ಸಂದಿಗೆ ಆನಿಸಿ ಸುತ್ತಿಗೆ ಎತ್ತಿದ್ದ. ಅತ್ತೆ ಬಂದು ಅವನ ಮಣಿಕಟ್ಟು ಹಿಡಿದಳು.

“ಬೇಡಪ್ಪ. ಅವರನ್ನ ಕಿಟಕಿಯಿಂದಲೇ ತೆಗೀರಿ.”

ಒಳಗೆ, ಕೆಲಸದ ಮೇಜಿನ ಮೇಲೆ, ತೀರಿಕೊಂಡ ಅವಳ ಗಂಡ, ಬಡಗಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಚೌಕಟ್ಟಿನ ಹಿಂದಿನ ಪೊಳ್ಳಿನಲ್ಲಿ ಮುಜಂಟಿ ಜೇನು ಗೂಡು ಕಟ್ಟಿ ವರ್ಷಗಳಾಗಿದ್ದವು. ಅವುಗಳ ಅಂಟು ಬಾಗಿಲನ್ನೂ ಚೌಕಟ್ಟನ್ನೂ ಒಂದು ಮಾಡಿತ್ತು. ಸಂದಿಯಿಂದ ಹೊರಚಾಚಿದ ಮೇಣದ ಕೊಳವೆಯ ಬಾಯಲ್ಲಿ ಇರುವೆಗಾತ್ರದ ಕಪ್ಪು ಹುಳುಗಳು ಕಾವಲು ನಿಂತಿದ್ದವು.

“ಚುಚ್ಚದ ಹುಳ ಅತ್ತೆ ಇವು,” ಎಂದ ಅಳಿಯ.

“ಗೊತ್ತು,” ಎಂದಳು.

*

ಹುಳುಗಳು ಗೂಡು ಕಟ್ಟಿದ ವರ್ಷ ಬಡಗಿಯೂ ಅದನ್ನು ಕೀಳಲು ಹೊರಟಿದ್ದ. ಚೌಕಟ್ಟಿನ ಹಲಗೆ ಎಬ್ಬಿಸಿದಾಗ ದೀಪ ಹಿಡಿದವಳು ಅವಳೇ. ಒಳಗೊಂದು ಸತ್ತ ಹಲ್ಲಿ ಇತ್ತು. ಮೈತುಂಬ ಕಂದು ಅಂಟು ಮೆತ್ತಿಸಿಕೊಂಡು, ಕೊಳೆಯದೆ, ನಾರದೆ, ಒಂದೊಂದು ಉಗುರೂ ಹಾಗೇ ಇತ್ತು.

ಅವನು ಬಹಳ ಹೊತ್ತು ನೋಡಿದ. “ಚುಚ್ಚೋಕೆ ಬರಲ್ಲ, ಎಳೆದು ಹಾಕೋ ಶಕ್ತಿನೂ ಇಲ್ಲ. ಒಳಗೆ ಬಂದವರನ್ನ ಹಿಂಗೇ ಇಟ್ಕೊಳ್ತವೆ.”

ಹಲಗೆಯನ್ನು ಮತ್ತೆ ಜಡಿದ. ಅಂದಿನಿಂದ ಕಿಟಕಿ ಹತ್ತಿ ಇಳಿಯತೊಡಗಿದ. ಕಳ್ಳನ ಜೊತೆ ಸಂಸಾರ ಮಾಡಿದ ಹಾಗಾಯ್ತು ಎಂದು ಅವಳು ಬೈದರೆ ನಕ್ಕು, ಕಿಟಕಿಯ ಎರಡೂ ಬದಿಗೆ ಒಂದೊಂದು ಸ್ಟೂಲು ಮಾಡಿಟ್ಟ. ಕಿವಿ ಮಂದವಾದ ಮೇಲೆ ಕೆಲಸ ಬಿಟ್ಟು ಗೋಡೆಗೆ ಕೆನ್ನೆಯೊತ್ತಿ ಕೂರುತ್ತಿದ್ದ. ಹೆಂಡತಿಯ ಮಾತು ಕೇಳಿಸದಿದ್ದರೂ ಅವುಗಳ ಗುಂಯ್‌ ಕೇಳಿಸುತ್ತದೆ ಎನ್ನುತ್ತಿದ್ದ. ಅದೊಂದು ಅವಳಿಗೆ ಎಂದೂ ನಗು ತರಿಸಲಿಲ್ಲ.

*

ಅವಳು ಮಗಳ ಮನೆಯಿಂದ ಮರಳಿದಾಗ ಅವನು ಆ ಗೋಡೆಗೇ ಒರಗಿದ್ದ. ಜೀವ ಹೋಗಿ ಕೆಲವು ದಿನಗಳೇ ಆಗಿರಬೇಕು, ಈ ಸೆಕೆಗೆ ದೇಹ ಹೀಗೆ ಕೆಡದೆ ಇರುವುದು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಕೋಣೆಯಲ್ಲಿ ಮರದಂಟಿನ ವಾಸನೆ ಮಾತ್ರ ಇತ್ತು. ಮೈ ಒರೆಸುವಾಗ ಬಟ್ಟೆ ಅವನ ಬೆರಳಿಗೆ ಅಂಟುತ್ತದೆ ಎಂದು ಮಗಳು ಹೆದರಿದಳು. ಬಡಗಿಯ ಕೈ ಅಲ್ಲವೇ ಎಂದು ಅಳಿಯ ಸಮಾಧಾನ ಹೇಳಿದ. ಅವನ ತುಟಿಗಳ ನಡುವೆ ತೆಳ್ಳಗೆ ಎಳೆದಿದ್ದ ಕಂದು ಅಂಟಿನ ಗೆರೆಯನ್ನು ಹೆಂಡತಿ ಕಂಡಿದ್ದಳು. ಯಾರಿಗೂ ತೋರಿಸದೆ ಬಟ್ಟೆ ಮೇಲೆಳೆದಿದ್ದಳು.

ನಾಲ್ಕು ಜನ ಕಿಟಕಿಯಿಂದ ಅವನನ್ನು ಓರೆಯಾಗಿ ಇಳಿಸಿದರು. “ಕೊನೆಗೂ ತನ್ನ ದಾರೀಲೇ ಹೋದ,” ಎಂದರು ಪಕ್ಕದ ಮನೆಯವರು ಮೆಲ್ಲಗೆ.

ವಾಹನ ಕಾಯುತ್ತಿತ್ತು. ಚಪ್ಪಲಿ ಹುಡುಕುತ್ತೇನೆಂದು ಕೋಣೆಯೊಳಗೆ ಉಳಿದ ಹೆಂಡತಿಗೆ ಆಗಷ್ಟೇ ಅಳು ಬಂತು. ಮೊದಲು ಒಂದು ಹುಳು ಬಂದು ಕಣ್ಣಂಚಿನಲ್ಲಿ ಕೂತು ಕಣ್ಣೀರು ಹೀರಿತು. ಮತ್ತೊಂದು ಬಂತು. ಆಮೇಲೆ ಸಾಲೇ ಬಂತು. ಅವಳು ಕೈ ಎತ್ತಲಿಲ್ಲ.

“ಅಮ್ಮಾ,” ಎಂದು ಮಗಳು ಹೊರಗಿನಿಂದ ಕರೆದಳು. ಒಳಗೆ ಅವಳ ತುಟಿಯ ಮೇಲೂ ಹುಳುಗಳು ಕೂತಿದ್ದವು. ಅವಳು ಬಾಯಿ ತೆರೆಯಲಿಲ್ಲ.